ಬೆಂಕಿ ಬಿದ್ದರೆ ಅಡಗಬೇಡ, ಹೊರಗೆ ಬಾ

ರಾತ್ರಿ ಮುಂಬಾಗಿಲಿಗೆ ಬೀಗ ಹಾಕಿದ ಮೇಲೆ ಕೀಲಿ ಎಲ್ಲಿರುತ್ತದೆ? ನಿಮ್ಮ ಮನೆಯ ಎಂಟು ವರ್ಷದ ಮಗುವನ್ನು ಕೇಳಿ ನೋಡಿ. ಫ್ರಿಜ್ ಮೇಲೋ, ಅಪ್ಪನ ದಿಂಬಿನ ಕೆಳಗೋ, ಅಜ್ಜಿಯ ಸೊಂಟದ ಗಂಟಿನಲ್ಲೋ? ಬಹಳಷ್ಟು ಮಕ್ಕಳಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಕೈಗೆ ಎಟುಕುವುದಿಲ್ಲ. ಕಳ್ಳರ ಭಯಕ್ಕೆ ಕಿಟಕಿಗೆಲ್ಲ ಕಂಬಿ, ಬಾಲ್ಕನಿಗೆ ಗ್ರಿಲ್, ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ, ಅದರಾಚೆ ಮತ್ತೊಂದು ಕಬ್ಬಿಣದ ಗೇಟು. ಹೊರಗಿನವರು ಒಳಗೆ ಬರಬಾರದೆಂದು ಇಷ್ಟೆಲ್ಲ ಏರ್ಪಾಡು ಮಾಡಿಕೊಂಡ ನಾವು, ಒಳಗಿನವರು ಎರಡೇ ನಿಮಿಷದಲ್ಲಿ ಹೊರಗೆ ಬರಬೇಕಾಗಿ ಬಂದರೆ ಗತಿಯೇನು ಎಂದು ಕೂತು ಮಾತಾಡಿರುವುದು ಅಪರೂಪ.

ಬೆಂಕಿಯ ವಿಷಯದಲ್ಲಿ ಮಕ್ಕಳಿಗೆ ನಾವು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ಮುಟ್ಟಬೇಡ. ಒಲೆ ಹತ್ತಿರ ಹೋಗಬೇಡ, ಬೆಂಕಿಪೊಟ್ಟಣ ಮುಟ್ಟಬೇಡ, ಪ್ಲಗ್ಗಿಗೆ ಕೈ ಹಾಕಬೇಡ. ಬೇಕಾದ ಮಾತುಗಳೇ. ಆದರೆ ‘ಬೇಡ’ ಎಂಬಲ್ಲಿಗೆ ಪಾಠ ಮುಗಿದುಹೋದರೆ ಮುಂದಿನದ್ದು ಮಗುವಿಗೆ ತಿಳಿಯುವುದೇ ಇಲ್ಲ. ಪರದೆಗೆ ಬೆಂಕಿ ಹತ್ತಿಕೊಂಡೇಬಿಟ್ಟಿತು, ಕೋಣೆ ತುಂಬ ಹೊಗೆ ತುಂಬಿತು, ಅಡುಗೆಮನೆಯಲ್ಲಿ ಅಮ್ಮ ಕುಸಿದು ಬಿದ್ದಳು. ಈಗ ಏನು ಮಾಡಬೇಕು? ಅದನ್ನು ಹೇಳಿಕೊಡುವುದೇ ನಿಜವಾದ ಪಾಠ.

ಸಣ್ಣ ಮಕ್ಕಳು ಬೆಂಕಿಯನ್ನು ಕಂಡರೆ ಹೊರಗೆ ಓಡುವುದಕ್ಕಿಂತ ಒಳಗೆ ಅಡಗುವುದೇ ಹೆಚ್ಚು. ಅಗ್ನಿಶಾಮಕ ಸಿಬ್ಬಂದಿ ಲೋಕದಲ್ಲೆಲ್ಲ ಕಂಡುಕೊಂಡಿರುವ ಸತ್ಯ ಇದು. ಮಂಚದ ಕೆಳಗೆ, ಬೀರುವಿನ ಒಳಗೆ, ಬಾತ್‌ರೂಮಿನ ಮೂಲೆಯಲ್ಲಿ, ಬಟ್ಟೆ ರಾಶಿಯ ಹಿಂದೆ. ಕಣ್ಣಿಗೆ ಕಾಣದಿದ್ದರೆ ಅಪಾಯವೂ ಇಲ್ಲ ಎಂಬುದು ಆ ವಯಸ್ಸಿನ ತರ್ಕ. ಹೊಗೆಯ ನಡುವೆ ಮುಖಕ್ಕೆ ಮುಸುಕು, ಬೆನ್ನಿಗೆ ಸಿಲಿಂಡರ್, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಬುಸ್ ಬುಸ್ ಎಂದು ಉಸಿರಾಡುತ್ತಾ ಬರುವ ಮನುಷ್ಯನನ್ನು ಕಂಡರಂತೂ ಮಗು ಇನ್ನಷ್ಟು ಒಳಕ್ಕೆ ಸರಿಯುತ್ತದೆ. ಕಾಪಾಡಲು ಬಂದವನು ಹೆಸರು ಹಿಡಿದು ಕೂಗಿದರೂ ಓಗೊಡುವುದಿಲ್ಲ.

ಈ ಅಡಗುವಿಕೆಯ ಹಿಂದೆ ಇನ್ನೊಂದು ಹೆದರಿಕೆಯೂ ಇರುತ್ತದೆ. ಅದು ಬೆಂಕಿಯದ್ದಲ್ಲ, ನಮ್ಮದು. ಕಡ್ಡಿ ಗೀರಿ ಆಡುತ್ತಿದ್ದಾಗ ಹಾಸಿಗೆಯ ಅಂಚಿಗೆ ಕಿಡಿ ತಾಗಿತು ಎನ್ನಿ. ಮಗುವಿನ ತಲೆಯಲ್ಲಿ ಮೊದಲು ಬರುವುದು ‘ಮನೆ ಸುಡುತ್ತದೆ’ ಎಂದಲ್ಲ, ‘ಅಪ್ಪ ಹೊಡೀತಾರೆ’ ಎಂದು. ಬಾಗಿಲು ಎಳೆದುಕೊಂಡು, ಏನೂ ಆಗಿಲ್ಲವೆಂಬಂತೆ ಹಜಾರಕ್ಕೆ ಬಂದು ಟಿ.ವಿ. ಮುಂದೆ ಕೂತುಬಿಡಬಹುದು. ಒಂದು ಚೊಂಬು ನೀರಿನಲ್ಲಿ ಆರಿಹೋಗುತ್ತಿದ್ದ ಬೆಂಕಿ ಆ ಕೆಲವು ನಿಮಿಷಗಳಲ್ಲಿ ಸೂರಿಗೆ ಏರುತ್ತದೆ. ಹಾಗಾಗಿ ಬೆಂಕಿಯ ಪಾಠ ಶುರುವಾಗಬೇಕಾದದ್ದು ಒಂದು ಮಾತು ಕೊಡುವುದರಿಂದ: ‘ಬೆಂಕಿ ನಿನ್ನ ಕೈಯಿಂದಲೇ ಹತ್ತಿದ್ದರೂ ಸರಿ, ಓಡಿಬಂದು ಹೇಳು. ಬೈಯುವುದಿಲ್ಲ, ಹೊಡೆಯುವುದಿಲ್ಲ.’ ಈ ಮಾತನ್ನು ಮಗು ನಂಬಬೇಕಾದರೆ ಹಾಲು ಚೆಲ್ಲಿದ ದಿನ, ಲೋಟ ಒಡೆದ ದಿನ ನಾವು ಹೇಗೆ ನಡೆದುಕೊಂಡೆವು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಊಟ ಮಾಡದಿದ್ದರೆ ಪೊಲೀಸಿಗೆ ಹಿಡಿದುಕೊಡುತ್ತೇನೆ ಎಂದು ದಿನಾ ಹೆದರಿಸಿದರೆ, ಆಪತ್ತಿನಲ್ಲಿ ಆ ಮಗು ಪೊಲೀಸರಿಗೆ ಫೋನ್ ಮಾಡುವುದಾದರೂ ಹೇಗೆ?

ಹೊಗೆಯೇ ಮೊದಲ ಶತ್ರು

ಬೆಂಕಿ ಅನಾಹುತಗಳಲ್ಲಿ ಜ್ವಾಲೆ ತಾಗಿ ಸಾಯುವವರಿಗಿಂತ ಹೊಗೆ ಕುಡಿದು ಸಾಯುವವರು ಹೆಚ್ಚು. ಸ್ಪಂಜಿನ ಹಾಸಿಗೆ, ಪ್ಲಾಸ್ಟಿಕ್ ಕುರ್ಚಿ, ವೈರಿನ ಹೊದಿಕೆ ಉರಿದಾಗ ಬರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿನ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿರುವವರಿಗೆ ಎಚ್ಚರವೇ ಆಗದಿರಬಹುದು. ಎಚ್ಚರವಾದವರಿಗೂ ಕೈಕಾಲು ಸೋತು, ಬಾಗಿಲು ಯಾವ ಕಡೆಗಿದೆ ಎಂಬುದು ಮರೆತುಹೋಗುತ್ತದೆ.

ಬಿಸಿ ಹೊಗೆ ಮೇಲಕ್ಕೆ ಏರುತ್ತದೆ. ಉಸಿರಾಡಬಹುದಾದ ಗಾಳಿ ನೆಲದ ಹತ್ತಿರ ಉಳಿಯುತ್ತದೆ. ದೊಡ್ಡವರಿಗೆ ಇದು ಓದಿ ತಿಳಿದ ವಿಷಯ, ಮಕ್ಕಳಿಗೆ ಮೈಯಿಂದ ಕಲಿಸಬೇಕಾದ ವಿಷಯ. ಒಂದು ಸಂಜೆ ಕೋಣೆಯ ದೀಪ ಆರಿಸಿ. ಇಬ್ಬರು ದೊಡ್ಡವರು ಬೆಡ್‌ಶೀಟನ್ನು ಸೊಂಟದ ಮಟ್ಟಕ್ಕೆ ಅಗಲವಾಗಿ ಹಿಡಿದು ನಿಲ್ಲಲಿ, ಅದೇ ಹೊಗೆ. ಮಗು ಅದರ ಕೆಳಗೆ ಅಂಬೆಗಾಲಿಕ್ಕುತ್ತಾ, ಒಂದು ಕೈಯಲ್ಲಿ ಗೋಡೆ ಸವರಿಕೊಂಡು ಬಾಗಿಲು ತಲುಪಲಿ. ಮುಚ್ಚಿದ ಬಾಗಿಲು ಸಿಕ್ಕರೆ ಅಂಗೈ ಬದಲು ಕೈಯ ಹಿಂಭಾಗದಿಂದ ಮುಟ್ಟಿ ನೋಡಲಿ. ಬಿಸಿ ಇದ್ದರೆ ತೆರೆಯಬಾರದು, ಆಚೆ ಬೆಂಕಿ ಇದೆ. ಆಗ ಬಾಗಿಲ ಕೆಳಗಿನ ಸಂದಿಗೆ ಟವೆಲ್ಲೋ ಬೆಡ್‌ಶೀಟೋ ತುರುಕಿ, ಕಿಟಕಿಯ ಬಳಿ ಬಂದು ಬಣ್ಣದ ಬಟ್ಟೆ ಬೀಸುತ್ತಾ ಕೂಗಬೇಕು. ನಾಲ್ಕೈದು ಸಲ ಆಡಿಸಿದರೆ ಮಕ್ಕಳಿಗೆ ಇದು ಕಣ್ಣಾಮುಚ್ಚಾಲೆಗಿಂತ ಇಷ್ಟವಾಗುತ್ತದೆ. ಅಜ್ಜ-ಅಜ್ಜಿಯರೂ ಸೇರಲಿ. ಮಂಡಿನೋವಿನ ಅಜ್ಜಿಯನ್ನು ಹೊರಗೆ ಕರೆತರುವುದು ಯಾರ ಜವಾಬ್ದಾರಿ ಎಂಬ ಪ್ರಶ್ನೆ ಆಗಲೇ ಏಳುತ್ತದೆ. ಆ ಹೊಣೆ ದೊಡ್ಡವರಲ್ಲೇ ಒಬ್ಬರದ್ದಾಗಬೇಕು, ಮಗುವಿನದ್ದಲ್ಲ ಎಂದು ಆಗಲೇ ತೀರ್ಮಾನಿಸಿಬಿಡಿ.

2018ರ ಆಗಸ್ಟ್ 22ರಂದು ಮುಂಬೈನ ಪರೇಲ್‌ನಲ್ಲಿ ಕ್ರಿಸ್ಟಲ್ ಟವರ್ ಎಂಬ ಬಹುಮಹಡಿ ಕಟ್ಟಡಕ್ಕೆ ಬೆಂಕಿ ಬಿತ್ತು. ನಾಲ್ವರು ತೀರಿಕೊಂಡರು. ಮೇಲಿನ ಮಹಡಿಯೊಂದರ ಮನೆಯಲ್ಲಿದ್ದ ಹತ್ತು ವರ್ಷದ ಹುಡುಗಿ ಹೊಗೆ ಒಳನುಗ್ಗುತ್ತಿದ್ದಂತೆ ಹಳೆಯ ಹತ್ತಿಬಟ್ಟೆಗಳನ್ನು ಹರಿದು, ನೀರಿನಲ್ಲಿ ಅದ್ದಿ, ಅಲ್ಲಿದ್ದವರಿಗೆಲ್ಲ ಕೊಟ್ಟು ಮೂಗು ಬಾಯಿಗೆ ಹಿಡಿದುಕೊಳ್ಳಲು ಹೇಳಿದಳು. ಮೂರನೇ ತರಗತಿಯಲ್ಲಿ ಶಾಲೆಯಲ್ಲಿ ಹೇಳಿಕೊಟ್ಟಿದ್ದು ಅದು. ಗಾಬರಿಬಿದ್ದಿದ್ದ ದೊಡ್ಡವರನ್ನೂ ಸಮಾಧಾನಪಡಿಸಿದಳು. ಅವಳಿಂದ ಹದಿನೇಳು ಮಂದಿಗೆ ನೆರವಾಯಿತೆಂದು ಗುರುತಿಸಿ ಮುಂದೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಕೊಟ್ಟರು. ಒದ್ದೆ ಬಟ್ಟೆ ಮಸಿಯನ್ನೂ ಕಣ್ಣು-ಗಂಟಲು ಉರಿಸುವ ಕಣಗಳನ್ನೂ ತಕ್ಕಮಟ್ಟಿಗೆ ತಡೆಯುತ್ತದೆ, ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದಿಲ್ಲ. ಆದ್ದರಿಂದ ಹೊರಗೆ ಹೋಗಲು ದಾರಿಯಿದ್ದರೆ ಬಟ್ಟೆ ಹುಡುಕುತ್ತಾ ನಿಲ್ಲಬಾರದು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಆ ಹುಡುಗಿಯ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬಟ್ಟೆಯಲ್ಲ. ಏಳೆಂಟನೇ ವಯಸ್ಸಿನಲ್ಲಿ ಕಲಿತದ್ದು ಹತ್ತನೇ ವಯಸ್ಸಿನಲ್ಲಿ, ಸುತ್ತಲಿನ ದೊಡ್ಡವರು ದಿಕ್ಕೆಟ್ಟಿದ್ದಾಗ, ಕೈಗೆ ಬಂತಲ್ಲ, ಅದು. ಮಕ್ಕಳಿಗೆ ಕಲಿಸಿ ಏನುಪಯೋಗ ಎನ್ನುವವರಿಗೆ ಬೇರೆ ಉತ್ತರ ಬೇಕಿಲ್ಲ.

ಮೈಮೇಲಿನ ಬಟ್ಟೆಗೆ ಬೆಂಕಿ ಹತ್ತಿಕೊಂಡಾಗ ಮಾಡಬೇಕಾದದ್ದೇ ಬೇರೆ. ಆಗ ಓಡಬಾರದು. ಓಡಿದಷ್ಟೂ ಗಾಳಿ ತಾಗಿ ಉರಿ ಏಳುತ್ತದೆ. ನಿಂತಲ್ಲೇ ನಿಂತು, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು, ನೆಲಕ್ಕೆ ಮಲಗಿ, ದೇವಸ್ಥಾನದಲ್ಲಿ ಉರುಳುಸೇವೆ ಮಾಡುವವರ ಹಾಗೆ ಅತ್ತಿತ್ತ ಉರುಳಬೇಕು. ನಿಲ್ಲು, ಮಲಗು, ಉರುಳು. ಮಕ್ಕಳಿಗೆ ಇದು ಬೇಗ ಬರುತ್ತದೆ, ಬಂದಷ್ಟೇ ಬೇಗ ಗೊಂದಲವೂ ಆಗುತ್ತದೆ. ಹೊಗೆ ಕಂಡರೂ ಉರುಳತೊಡಗುತ್ತಾರೆ. ಬಟ್ಟೆಗೆ ಬೆಂಕಿ ಎಂದರೆ ಉರುಳು, ಕೋಣೆಯಲ್ಲಿ ಹೊಗೆ ಎಂದರೆ ತೆವಳು ಎಂದು ಎರಡನ್ನೂ ಬೇರೆ ಬೇರೆ ದಿನ ಕಲಿಸಿ, ಆಮೇಲೆ ಬೆರೆಸಿ ಕೇಳುವುದು ಒಳ್ಳೆಯದು.

ಹೊರಗೆ ಬಂದ ಮೇಲೆ ಎಲ್ಲರೂ ಸೇರುವ ಜಾಗವೊಂದು ಮೊದಲೇ ಗೊತ್ತಾಗಿರಬೇಕು. ಎದುರಿನ ಹೊಂಗೆಮರ, ಮೂಲೆಯ ನಂದಿನಿ ಬೂತ್, ಪಕ್ಕದ ಮನೆಯ ಜಗುಲಿ, ಯಾವುದಾದರೂ ಸರಿ. ಒಮ್ಮೆ ಹೊರಬಂದವರು ಸ್ಕೂಲ್‌ಬ್ಯಾಗಿಗಾಗಲಿ ನಾಯಿಮರಿಗಾಗಲಿ ಮತ್ತೆ ಒಳಗೆ ಹೋಗಬಾರದು. ಮಗು ಈಗಾಗಲೇ ಮರದ ಕೆಳಗೆ ನಿಂತಿದೆ ಎಂದು ಗೊತ್ತಿಲ್ಲದೆ ತಂದೆ ಅದನ್ನು ಹುಡುಕಿಕೊಂಡು ಹೊಗೆಯೊಳಗೆ ನುಗ್ಗುವುದು ತಪ್ಪುವುದೂ ಈ ಒಂದು ಏರ್ಪಾಡಿನಿಂದಲೇ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಲಿಫ್ಟ್ ಬಿಟ್ಟು ಮೆಟ್ಟಿಲಿಳಿಯುವುದನ್ನು ಅಭ್ಯಾಸ ಮಾಡಿಸಬೇಕು. ಇಳಿಯುವಾಗ ಮೆಟ್ಟಿಲ ಮೇಲೆ ಯಾರ ಚಪ್ಪಲಿ ಸ್ಟ್ಯಾಂಡ್, ಯಾರ ಹಳೆ ಸೈಕಲ್, ಯಾರ ಹೂಕುಂಡ ಅಡ್ಡ ಬಂತು ಎಂದು ಮಕ್ಕಳಿಂದಲೇ ಪಟ್ಟಿ ಬರೆಸಿ ಅಸೋಸಿಯೇಷನ್ನಿಗೆ ಕೊಡಿಸಿ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತಾಗ ಅಲ್ಲಿ ತುಂಬಿದ್ದು ಮುಖ್ಯವಾಗಿ ಹೊಗೆ. ಮೆಟ್ಟಿಲ ದಾರಿ ಸಿಗದೆ ಕೆಲವರು ಗಾಜು ಒಡೆದು ಕೆಳಕ್ಕೆ ಹಾರಿದ್ದರು.

‘ಹಲೋ, ಏನಾಗಿದೆ?’

112. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಇದೊಂದೇ ಸಂಖ್ಯೆ. ಹಳೆಯ 101 ಹಿರಿಯರ ನಾಲಿಗೆಯ ಮೇಲಿದೆ, 108 ಆಂಬುಲೆನ್ಸ್ ಎಂದು ಹಳ್ಳಿ ಹಳ್ಳಿಗೂ ಗೊತ್ತು. ಪುಟ್ಟ ಮಗುವಿಗೆ ಮೊದಲು ಒಂದನ್ನೇ ಕಲಿಸುವುದಾದರೆ 112 ಸಾಕು. ನಮ್ಮ ಫೋನುಗಳಿಗೆಲ್ಲ ಪ್ಯಾಟರ್ನ್, ಬೆರಳಚ್ಚಿನ ಲಾಕ್ ಇರುತ್ತದೆ. ಲಾಕ್ ಆದ ಫೋನಿನಿಂದಲೂ ‘ತುರ್ತು ಕರೆ’ ಒತ್ತಿ 112 ಮಾಡಬಹುದು ಎಂಬುದು ಎಷ್ಟೋ ದೊಡ್ಡವರಿಗೇ ತಿಳಿಯದು. ಆ ಅಕ್ಷರಗಳು ಪರದೆಯ ಯಾವ ಮೂಲೆಯಲ್ಲಿವೆ ಎಂದು ತೋರಿಸಿಕೊಡಿ. ಅಭ್ಯಾಸಕ್ಕೆಂದು ನಿಜವಾಗಿ ಕರೆ ಮಾಡುವುದು ಬೇಡ, ಆ ಹೊತ್ತಿನಲ್ಲಿ ಇನ್ಯಾರದೋ ಪ್ರಾಣ ಆ ಲೈನಿನ ಮೇಲಿರುತ್ತದೆ. ಕೈಯನ್ನೇ ಫೋನು ಮಾಡಿಕೊಂಡು ಆಡಿಸಿ. ಅಜ್ಜಿ ಕಂಟ್ರೋಲ್ ರೂಮಿನವರಾಗಲಿ.

‘ಹಲೋ, ಏನಾಗಿದೆ ಹೇಳಿ?’

‘ಅಜ್ಜಿ, ನಮ್ಮನೆ ಅಡುಗೆಮನೆಗೆ ಬೆಂಕಿ ಬಿದ್ದಿದೆ!’

‘ಅಜ್ಜಿ ಅಲ್ಲ ಪುಟ್ಟಿ, ನಾನೀಗ ಕಂಟ್ರೋಲ್ ರೂಮಿನವಳು. ಮನೆ ಎಲ್ಲಿ?’

‘ಗಣೇಶನ ದೇವಸ್ಥಾನದ ಹಿಂದೆ.’

‘ಯಾವ ಗಣೇಶನ ದೇವಸ್ಥಾನ? ಊರ ತುಂಬ ಇವೆಯಲ್ಲ?’

ಇಲ್ಲಿ ಆಟ ನಿಲ್ಲುತ್ತದೆ. ಬಡಾವಣೆಯ ಹೆಸರು, ಎಷ್ಟನೇ ಮೇನ್, ಎಷ್ಟನೇ ಕ್ರಾಸ್, ಎಷ್ಟನೇ ಮಹಡಿ? ಹಳ್ಳಿಯಾದರೆ ಊರಿನ ಹೆಸರಿನ ಜತೆ ಹೋಬಳಿ, ತಾಲ್ಲೂಕು. ಒಂದೇ ಹೆಸರಿನ ಊರುಗಳು ಒಂದೇ ಜಿಲ್ಲೆಯಲ್ಲಿ ಮೂರ್ನಾಲ್ಕು ಇರುವ ನಾಡು ನಮ್ಮದು. ಮಗ್ಗಿ ಬಾಯಿಪಾಠ ಮಾಡಿಸುವ ನಾವು ಮನೆ ವಿಳಾಸವನ್ನೂ ಅಪ್ಪ-ಅಮ್ಮಂದಿರ ಪೂರ್ತಿ ಹೆಸರನ್ನೂ ಒಂದು ಫೋನ್ ನಂಬರನ್ನೂ ಬಾಯಿಪಾಠ ಮಾಡಿಸಿದರೆ ಜಾತ್ರೆಯಲ್ಲಿ ಕಳೆದುಹೋದಾಗಲೂ ಉಪಯೋಗಕ್ಕೆ ಬರುತ್ತದೆ. ಆ ಕಡೆಯವರು ‘ಸರಿ, ಇಡು’ ಎನ್ನುವ ತನಕ ಫೋನ್ ಇಡಬಾರದು, ಮನೆಯಿಂದ ಹೊರಗೆ ಬಂದೇ ಫೋನ್ ಮಾಡಬೇಕು ಎಂಬ ಎರಡು ಮಾತನ್ನೂ ಈ ಆಟದಲ್ಲೇ ಸೇರಿಸಿ.

ಅಡುಗೆಮನೆ ಎಂಬ ಪಾಠಶಾಲೆ

ಬೆಂಕಿ ಉರಿಯಲು ಮೂರು ಬೇಕು: ಉರಿಯುವ ವಸ್ತು, ಶಾಖ, ಗಾಳಿಯಲ್ಲಿನ ಆಮ್ಲಜನಕ. ವಿಜ್ಞಾನದ ಪುಸ್ತಕದಲ್ಲಿ ತ್ರಿಕೋನ ಬರೆದು ಹೇಳುವ ಇದನ್ನು ಮೇಜಿನ ಮೇಲೆ ತೋರಿಸಬಹುದು. ಮೋಂಬತ್ತಿ ಹಚ್ಚಿ ಅದರ ಮೇಲೆ ಗಾಜಿನ ಲೋಟ ಬೋರಲು ಹಾಕಿ. ಜ್ವಾಲೆ ಸಣ್ಣಗಾಗಿ, ನಡುಗಿ, ಆರುತ್ತದೆ. ಕಣ್ಣರಳಿಸಿ ನೋಡಿದ ಮಗುವಿಗೆ ಆಗಲೇ ಹೇಳಿ: ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ದೊಡ್ಡವರು ಒಲೆ ಆರಿಸಿ ಮುಚ್ಚಳ ಮುಚ್ಚುವುದೂ ಇದೇ ಕಾರಣಕ್ಕೆ.

ಹಾಗೆ ಉರಿಯುತ್ತಿರುವ ಎಣ್ಣೆಗೆ ನೀರು ಸುರಿಯುವುದೆಂದರೆ ಅನಾಹುತ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಎಣ್ಣೆಯ ಬಿಸಿ ನೀರು ಕುದಿಯುವ ಬಿಸಿಗಿಂತ ಎಷ್ಟೋ ಹೆಚ್ಚು. ನೀರು ಕ್ಷಣದಲ್ಲಿ ಆವಿಯಾಗಿ ಸಾವಿರದಾರುನೂರು ಪಟ್ಟಿಗೂ ಮಿಗಿಲಾಗಿ ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಚಿಮ್ಮಿಸಿ ಸೂರಿಗೆ ಎಸೆಯುತ್ತದೆ. ಒಗ್ಗರಣೆ ಸೌಟಿಗೆ ಒಂದು ಹನಿ ನೀರು ಬಿದ್ದಾಗ ಆಗುವ ‘ಚಟ್’ ಸದ್ದು ಎಲ್ಲ ಮಕ್ಕಳಿಗೂ ಗೊತ್ತು. ಒಂದು ಚೊಂಬು ನೀರು ಬಿದ್ದರೆ ಏನಾದೀತು ಎಂದು ಅವರನ್ನೇ ಕೇಳಿ. ಬೆಂಕಿಗೆಲ್ಲ ನೀರೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಸೌದೆ, ಕಾಗದ, ಬಟ್ಟೆ, ಹುಲ್ಲಿನ ಬಣವೆಗೆ ಅದು ಸರಿ. ಎಣ್ಣೆಗೂ ಕರೆಂಟಿಗೂ ಅಲ್ಲ.

ಗ್ಯಾಸಿನ ವಿಷಯವಂತೂ ಪ್ರತಿ ಮನೆಯ ಮಗುವಿಗೂ ತಿಳಿಯಲೇಬೇಕು. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲೆಂದು ಮರ್ಕ್ಯಾಪ್ಟನ್ ಎಂಬ ಗಬ್ಬು ವಾಸನೆಯ ರಾಸಾಯನಿಕ ಬೆರೆಸುತ್ತಾರೆ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ. ಸೋರಿದ್ದು ಮೇಲೇರಿ ಹೋಗದೆ ನೆಲದ ಮೇಲೆ ಹರಡಿ, ಹೊಸ್ತಿಲು ದಾಟಿ, ಪಕ್ಕದ ಕೋಣೆಯ ಮಂಚದ ಕೆಳಗೂ ನಿಲ್ಲುತ್ತದೆ. ಬೆಳಗಿನ ಜಾವ ಎದ್ದು, ಕಣ್ಣುಜ್ಜಿಕೊಂಡು ಅಡುಗೆಮನೆಯ ಲೈಟ್ ಹಾಕಿದಾಗ ಸ್ವಿಚ್ಚಿನ ಕಿಡಿಗೆ ಹೊತ್ತಿಕೊಂಡ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕಬಾರದು, ಹಾಕಿದ್ದನ್ನು ಆರಿಸಲೂಬಾರದು. ಬಾಗಿಲು ಕಿಟಕಿ ತೆರೆದು, ರೆಗ್ಯುಲೇಟರ್ ಬಂದ್ ಮಾಡಿ, ಹೊರಬಂದು 1906ಕ್ಕೆ ಕರೆ ಮಾಡಬೇಕು. ಇಷ್ಟೂ ದೊಡ್ಡವರ ಕೆಲಸ. ಸಣ್ಣ ಮಗುವಿನ ಕೆಲಸ, ‘ಅಮ್ಮಾ, ಗ್ಯಾಸ್ ವಾಸನೆ’ ಎಂದು ಕೂಗಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಹೋಗುವುದು. ಹತ್ತು ಹನ್ನೆರಡು ದಾಟಿದವರಿಗೆ ರೆಗ್ಯುಲೇಟರ್ ತಿರುಗಿಸುವುದನ್ನೂ ಮನೆಯ ಮೇನ್ ಸ್ವಿಚ್ ಎಲ್ಲಿದೆ ಎಂಬುದನ್ನೂ ತೋರಿಸಿಕೊಡಬಹುದು. ಗಂಡುಮಕ್ಕಳಿಗೂ ತೋರಿಸಿ. ಹದಿನಾರು ವರ್ಷವಾದರೂ ಸ್ಟೌ ಹಚ್ಚಲು ಬಾರದ, ಆರಿಸಲೂ ಬಾರದ ಹುಡುಗರನ್ನು ಬೆಳೆಸುವುದು ಅವರ ಜೀವಕ್ಕೇ ಅಪಾಯ.

ಬಿಸಿ ನೀರು, ಸಾರು, ಕಾಫಿ, ಹಾಲು ಚೆಲ್ಲಿ ಆಗುವ ಸುಟ್ಟಗಾಯ ಐದರೊಳಗಿನ ಮಕ್ಕಳ ಪಾಲಿಗೆ ಬೆಂಕಿಯಷ್ಟೇ ಕ್ರೂರ. 2023ರ ನವೆಂಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಶಾಲೆಯೊಂದರಲ್ಲಿ ಎರಡನೇ ತರಗತಿಯ ಬಾಲಕಿ ಬಿಸಿಯೂಟದ ಸಾಂಬಾರಿನ ಪಾತ್ರೆಗೆ ಬಿದ್ದು ಜೀವ ಕಳೆದುಕೊಂಡಳು. ಮದುವೆಮನೆ, ಗೃಹಪ್ರವೇಶ, ಅನ್ನಸಂತರ್ಪಣೆ ಎಂದರೆ ನೆಲದ ಮೇಲೆಯೇ ಕೊಪ್ಪರಿಗೆ, ಸುತ್ತ ಓಡಾಡುವ ಮಕ್ಕಳು. ಅಲ್ಲಿ ಮಕ್ಕಳಿಗೆ ಬುದ್ಧಿ ಹೇಳುವುದಕ್ಕಿಂತ ಪಾತ್ರೆಯ ಸುತ್ತ ಒಂದು ಅಡ್ಡಗಟ್ಟು ಹಾಕುವುದು ಮುಖ್ಯ.

ಸುಟ್ಟ ತಕ್ಷಣ ಏನು ಮಾಡಬೇಕು? ನಲ್ಲಿಯ ತಣ್ಣೀರು. ಇಪ್ಪತ್ತು ನಿಮಿಷ, ಸಣ್ಣಗೆ ಹರಿಯುವ ನೀರಿನ ಕೆಳಗೆ. ಬಳೆ, ಉಂಗುರ, ಕಾಲ್ಗೆಜ್ಜೆ ಊದುವ ಮೊದಲೇ ತೆಗೆಯಬೇಕು. ಮೈಗೆ ಅಂಟಿಕೊಂಡ ಬಟ್ಟೆಯನ್ನು ಕೀಳಬಾರದು. ಮೇಲೆ ಶುಭ್ರವಾದ ಬಟ್ಟೆ ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ. ಅಷ್ಟೇ. ಟೂತ್‌ಪೇಸ್ಟ್ ಬೇಡ, ದೋಸೆಹಿಟ್ಟು ಬೇಡ, ಇಂಕು ಬೇಡ, ಅರಿಶಿನ ಬೇಡ, ಬೆಣ್ಣೆ ಬೇಡ, ಐಸ್ ಕೂಡ ಬೇಡ. ಇವನ್ನೆಲ್ಲ ಪ್ರೀತಿಯಿಂದಲೇ ಹಚ್ಚುತ್ತಾರೆ, ನಿಜ. ಆದರೆ ಆಸ್ಪತ್ರೆಯಲ್ಲಿ ಡಾಕ್ಟರು ಗಾಯದ ಆಳ ನೋಡಬೇಕಾದರೆ ಮೊದಲು ಅದನ್ನೆಲ್ಲ ಉಜ್ಜಿ ತೆಗೆಯಬೇಕು. ಆ ನೋವು ಮಗುವಿನದ್ದು. ಸೋಂಕಿನ ಅಪಾಯ ಬೇರೆ. ನಲ್ಲಿ ತಿರುಗಿಸಿ ಕೈ ಒಡ್ಡುವುದನ್ನು ಐದು ವರ್ಷದ ಮಗುವೂ ಕಲಿಯಬಲ್ಲದು.

ದೀಪಾವಳಿಯ ಬಗ್ಗೆ ಉದ್ದಕ್ಕೆ ಬರೆಯಬೇಕಿಲ್ಲ. ಪ್ರತಿ ವರ್ಷ ಹಬ್ಬದ ಮರುದಿನ ಬೆಂಗಳೂರಿನ ಮಿಂಟೊ ಕಣ್ಣಿನ ಆಸ್ಪತ್ರೆಯ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಗಾಯಗೊಂಡವರಲ್ಲಿ ಪಟಾಕಿ ಹಚ್ಚದೆ ಬರೀ ನೋಡುತ್ತಾ ನಿಂತಿದ್ದ ಮಕ್ಕಳೂ ಇರುತ್ತಾರೆ. ಎಲ್ಲರೂ ನಿರಪಾಯವೆಂದು ಪುಟಾಣಿಗಳ ಕೈಗೆ ಕೊಡುವ ಸುರುಸುರುಬತ್ತಿಯ ತುದಿ ಸಾವಿರ ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆರಿದ ಮೇಲೂ ಆ ತಂತಿ ಪಾದ ಸುಡುವಷ್ಟು ಬಿಸಿಯಿರುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟು ಆರಿದ ಬತ್ತಿಯನ್ನು ಅದರೊಳಗೇ ಹಾಕಿಸಿ. ಹಬ್ಬಕ್ಕೆ ತಂದ ಝಗಝಗಿಸುವ ನೈಲಾನ್ ಲಂಗ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ದೀಪ ಹಚ್ಚುವ ಹೊತ್ತಿಗೆ ಮೈಗೊಪ್ಪುವ ಹತ್ತಿಬಟ್ಟೆಯೇ ಇರಲಿ.

ಶಾಲೆಯ ಹೊಣೆ

ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬೆಂಕಿಗೆ ಬಲಿಯಾದ ಘಟನೆಗಳನ್ನು ನೋಡಿದರೆ ಕಾರಣಗಳು ಒಂದೇ ಅಚ್ಚಿನವು. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ಸತ್ತ 92 ಜನರಲ್ಲಿ ಹೆಚ್ಚಿನವರು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲಾ ವಾರ್ಷಿಕೋತ್ಸವ ನಡೆಯುತ್ತಿದ್ದ ಶಾಮಿಯಾನಕ್ಕೆ ಬೆಂಕಿ ಹತ್ತಿ ನಾನೂರಕ್ಕೂ ಹೆಚ್ಚು ಜನ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು, ಸುಟ್ಟುಹೋದರು. ಮೇಲೆ ಸಿಂಥೆಟಿಕ್ ಬಟ್ಟೆ, ಹೊರಹೋಗಲು ಇಕ್ಕಟ್ಟಾದ ದಾರಿ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರ ಅಡುಗೆಕೋಣೆಯಲ್ಲಿ ಹುಟ್ಟಿದ ಬೆಂಕಿ ಹುಲ್ಲಿನ ಚಾವಣಿಗೆ ಏರಿ ಮಹಡಿಯ ತರಗತಿಗಳಲ್ಲಿದ್ದ 94 ಮಕ್ಕಳನ್ನು ಕೊಂದಿತು. ಮೆಟ್ಟಿಲು ಕಿರಿದು. 2019ರ ಮೇ 24ರಂದು ಸೂರತ್ತಿನ ಕೋಚಿಂಗ್ ಸೆಂಟರಿನಲ್ಲಿ 22 ವಿದ್ಯಾರ್ಥಿಗಳು ಸತ್ತರು. ತರಗತಿ ನಡೆಯುತ್ತಿದ್ದದ್ದು ಕಟ್ಟಡದ ಮೇಲ್ತುದಿಯಲ್ಲಿ, ಅಲ್ಲಿಂದ ಇಳಿಯುವ ದಾರಿಯನ್ನು ಬೆಂಕಿ ನುಂಗಿತ್ತು. ಮಕ್ಕಳು ಕಿಟಕಿಯಿಂದ ಹಾರಿದ್ದನ್ನು ದೇಶವೇ ಟಿ.ವಿ.ಯಲ್ಲಿ ನೋಡಿತು.

ಈ ಮಕ್ಕಳಿಗೆ ಏನು ಕಲಿಸಿದ್ದರೂ ದಾರಿಯೇ ಇಲ್ಲದಿದ್ದಾಗ ಎತ್ತ ಹೋಗಬೇಕಿತ್ತು? ಮಗುವಿಗೆ ‘ಹೊರಗೆ ಓಡು’ ಎಂದು ಕಲಿಸುವವರು ಮೊದಲು ಹೊರಬಾಗಿಲು ತೆರೆಯುತ್ತದೆಯೇ ಎಂದು ನೋಡಬೇಕು. ಕುಂಭಕೋಣಂ ದುರಂತದ ನಂತರ ಸಲ್ಲಿಕೆಯಾದ ಅವಿನಾಶ್ ಮೆಹರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರ ಏಪ್ರಿಲ್ 13ರಂದು ತೀರ್ಪು ಕೊಟ್ಟು, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದಿತು. ಬೆಂಕಿ ನಂದಿಸುವ ಸಲಕರಣೆ ಇರಲೇಬೇಕು, ಅದನ್ನು ಬಳಸುವ ತರಬೇತಿ ಸಿಬ್ಬಂದಿಗೆ ಆಗಬೇಕು ಎಂದು ನಿರ್ದೇಶಿಸಿತು. ಮಕ್ಕಳನ್ನು ಶಾಲೆಗೆ, ಟ್ಯೂಷನ್ನಿಗೆ ಸೇರಿಸುವಾಗ ಫಲಿತಾಂಶದ ಶೇಕಡಾವಾರು ಕೇಳುವ ಪೋಷಕರು ಎರಡನೇ ಮೆಟ್ಟಿಲು ಎಲ್ಲಿದೆ ಎಂದು ಕೇಳುವ ಹಕ್ಕನ್ನೂ ಈ ತೀರ್ಪಿನಿಂದ ಪಡೆದಿದ್ದಾರೆ.

ಅಣಕು ಕಾರ್ಯಾಚರಣೆಯನ್ನು ಎಷ್ಟೋ ಕಡೆ ಸಮಾರಂಭದಂತೆ ಮಾಡುತ್ತಾರೆ. ಹಿಂದಿನ ದಿನವೇ ಸುತ್ತೋಲೆ, ಮೈದಾನದಲ್ಲಿ ಸಾಲಾಗಿ ಕೂತ ಮಕ್ಕಳು, ನಡುವೆ ಉರಿಯುವ ಟೈರು, ನಂದಿಸಿದ ಮೇಲೆ ಚಪ್ಪಾಳೆ. ಮಕ್ಕಳಿಗೆ ಉಳಿಯುವುದು ಅಗ್ನಿಶಾಮಕ ವಾಹನ ಕಂಡ ಸಂತೋಷ ಮಾತ್ರ. ಅದೂ ಬೇಕು, ಮುಸುಕು ಹಾಕಿದ ಸಿಬ್ಬಂದಿಯ ಭಯ ಹೋಗುತ್ತದೆ. ಆದರೆ ಅಭ್ಯಾಸ ಎಂದರೆ ಗಣಿತದ ತರಗತಿಯ ನಡುವೆ ಗಂಟೆ ಬಾರಿಸಬೇಕು. ಒಂದು ಮೆಟ್ಟಿಲಿಗೆ ಕೆಂಪು ಬಟ್ಟೆ ಅಡ್ಡ ಕಟ್ಟಿ ‘ಇಲ್ಲಿ ಬೆಂಕಿ ಇದೆ’ ಎಂದರೆ ಇನ್ನೊಂದು ದಾರಿ ಹುಡುಕುವುದನ್ನು ಮಕ್ಕಳು ಕಲಿಯುತ್ತಾರೆ. ಕೆಳಗೆ ಬಂದ ಮೇಲೆ ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರ ಹೆಸರು ಕರೆಯಬೇಕು. ಶೌಚಾಲಯದಲ್ಲಿದ್ದ ಮಗು, ಗಾಲಿಕುರ್ಚಿಯ ಮಗು, ಕಿವಿ ಕೇಳದ ಮಗು ಬಂತೇ ಎಂದು ಆಗ ತಿಳಿಯುತ್ತದೆ.

ಬೆಂಕಿಯಾಚೆಗಿನ ಆಪತ್ತುಗಳಿಗೂ ಇದೇ ಕ್ರಮ. ನಮ್ಮ ಹಳ್ಳಿಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿವೆ, ಜತೆಗೇ ಅವುಗಳಲ್ಲಿ ಮುಳುಗುವ ಮಕ್ಕಳ ಸುದ್ದಿಯೂ. ತಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಬಿದ್ದವರು ಹತ್ತಿಬರಲಾರರು. ಒಬ್ಬನನ್ನು ಉಳಿಸಲು ಇನ್ನೊಬ್ಬ, ಅವನನ್ನು ಹಿಡಿಯಲು ಮತ್ತೊಬ್ಬ ಇಳಿದು ಅಣ್ಣತಮ್ಮಂದಿರು ಒಟ್ಟಿಗೆ ಹೋದದ್ದಿದೆ. ನೀರಿಗೆ ಹಾರಬೇಡ, ಹಗ್ಗ ಎಸೆ, ಖಾಲಿ ಪ್ಲಾಸ್ಟಿಕ್ ಕೊಡ ಎಸೆ, ಕೂಗು ಎಂದು ಕಲಿಸುವುದು ಹೇಡಿತನ ಕಲಿಸಿದಂತಲ್ಲ. ಹೊಂಡದ ದಡಕ್ಕೆ ಗಂಟು ಹಾಕಿದ ಒಂದು ಹಗ್ಗವನ್ನು ಒಳಗೆ ಇಳಿಬಿಟ್ಟು, ಸುತ್ತ ತಂತಿಬೇಲಿ ಹಾಕುವುದು ಮಾತ್ರ ಜಮೀನಿನ ಯಜಮಾನರದೇ ಕೆಲಸ. ಮಳೆಗಾಲದಲ್ಲಿ ಹರಿದುಬಿದ್ದ ಕರೆಂಟ್ ತಂತಿಯಿಂದ ದೂರ ನಿಂತು 1912ಕ್ಕೆ ತಿಳಿಸುವುದನ್ನೂ ಇದರ ಜತೆಗೇ ಹೇಳಿಕೊಡಬಹುದು.

1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸ್ಫೋಟಗೊಂಡು 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಅವರ ನೆನಪಿಗೆ ದೇಶದಲ್ಲಿ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಠಾಣೆಯವರು ಮಾಲ್‌ಗಳಿಗೆ, ಆಸ್ಪತ್ರೆಗಳಿಗೆ, ಬಸ್ ನಿಲ್ದಾಣಗಳಿಗೆ ಹೋಗಿ ಪ್ರಾತ್ಯಕ್ಷಿಕೆ ತೋರಿಸುತ್ತಾರೆ. ಆ ಹೊತ್ತಿಗೆ ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗಿರುತ್ತದೆ. ಮಕ್ಕಳು ಅಜ್ಜಿ ಊರಿಗೆ ಹೊರಟಿರುತ್ತಾರೆ. ಯಾರಿಗೆ ಈ ಪಾಠ ಎಲ್ಲರಿಗಿಂತ ಹೆಚ್ಚು ಬೇಕೋ ಅವರ ಕೈಗೇ ಅದು ಸಿಗುವುದಿಲ್ಲ.

ಸಪ್ತಾಹದ ದಿನಾಂಕವನ್ನು ನಾವು ಬದಲಾಯಿಸಲಾಗದು, ಶಾಲೆಯ ದಿನಾಂಕ ನಮ್ಮ ಕೈಯಲ್ಲಿದೆ. ಶಾಲೆ ಮತ್ತೆ ತೆರೆದ ಮೇಲೆ ಜೂನ್ ತಿಂಗಳಲ್ಲಿ, ಇನ್ನೊಮ್ಮೆ ದೀಪಾವಳಿಗೆ ಮುಂಚೆ, ಹತ್ತಿರದ ಅಗ್ನಿಶಾಮಕ ಠಾಣೆಯವರನ್ನು ಶಾಲೆಗೆ ಕರೆಸಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಯಲ್ಲಿ, ಖಾಸಗಿ ಶಾಲೆಯಾದರೆ ಪೋಷಕರ ಸಭೆಯಲ್ಲಿ ವಿಷಯ ಎತ್ತಿ, ಮುಖ್ಯೋಪಾಧ್ಯಾಯರ ಸಹಿಯಿರುವ ಒಂದು ಪತ್ರ ಬರೆದು ಠಾಣಾಧಿಕಾರಿಗೆ ಕೊಡಿ.